ಗಾಳಿಯ ಪೈಪು, ಮೇಸ್ತ್ರಿಯ ಕಿವಿ

ನಾನು ಮಾತಿನಲ್ಲಿ ದುಡುಕುವ ಮನುಷ್ಯ. ಮನೆಯವರಿಗೆ ಗೊತ್ತು, ಕಾರ್ಖಾನೆಯವರಿಗೆ ಗೊತ್ತು, ನನಗೂ ಗೊತ್ತು. ಸಿಟ್ಟು ಬಂದಾಗ ಬಾಯಿಗೆ ಬಂದದ್ದು ಅಂದುಬಿಡುತ್ತೇನೆ, ಅರ್ಧ ಗಂಟೆಯಾದ ಮೇಲೆ ಚಹಾ ಕುಡಿಸಿ ಸರಿಮಾಡಿಕೊಳ್ಳುತ್ತೇನೆ. ಇಷ್ಟು ವರ್ಷ ಹಾಗೇ ನಡೆದುಕೊಂಡು ಬಂದಿತ್ತು. ಆದರೆ ಹೊಸಪೇಟೆಯ ಚಿತ್ತವಾಡ್ಗಿಯ ಒಂದು ಗ್ಯಾರೇಜಿನಲ್ಲಿ, ಬೆಳಗಿನ ಹನ್ನೊಂದು ಗಂಟೆಗೆ, ನಾಲ್ಕು ಜನರ ಎದುರು ನಾನಾಡಿದ ಒಂದು ಮಾತನ್ನು ಯಾವ ಚಹಾದಿಂದಲೂ ಸರಿಮಾಡಲಾಗಲಿಲ್ಲ. ಆ ಮಾತಿನಿಂದ ಒಬ್ಬರ ಕಸುಬು ನಿಂತುಹೋಯಿತು. ಅದಕ್ಕೆ ನೆಪವಾದದ್ದು ನನ್ನ ಹಳೆ ಕಾರಿಗೆ ನಾನು ಆಸೆಪಟ್ಟು ಹಾಕಿಸಿದ ಒಂದು ಗಾಳಿಯ ಪೈಪು.

ಅವರನ್ನು ಊರೆಲ್ಲ ಮೇಸ್ತ್ರಿ ಎನ್ನುತ್ತಿತ್ತು. ಅರವತ್ತು ದಾಟಿದವರು. ಮುಂದೆ ತಗಡಿನ ಗ್ಯಾರೇಜು, ಹಿಂದೆ ಎರಡು ಕೋಣೆಯ ಮನೆ, ನಡುವೆ ಒಂದು ಬೇವಿನ ಮರ. ಗೋಡೆಯ ಮೇಲೆ ಬುದ್ಧನ ಫೋಟೊ, ಅದರ ಕೆಳಗೆ ಸಾಲಾಗಿ ತೂಗುಹಾಕಿದ, ನಟ್ಟು ಬಿಗಿಯುವ ಪಾನಗಳು. ವಯಸ್ಸಿನಲ್ಲಿದ್ದಾಗ ಸಂಡೂರಿನ ಗುಡ್ಡಗಳಲ್ಲಿ ಅದಿರು ಹೊರುವ ಡಂಪರುಗಳನ್ನು ರಿಪೇರಿ ಮಾಡುತ್ತಿದ್ದರಂತೆ. ಪಕ್ಕದಲ್ಲೇ ಕಲ್ಲು ಪುಡಿಮಾಡುವ ಕ್ರಷರು ಹಗಲೆಲ್ಲ ಹೊಡೆದುಕೊಳ್ಳುತ್ತಿದ್ದರೆ ಇವರು ಅದರ ಗದ್ದಲದಲ್ಲೇ ಇಂಜಿನ್ನಿನ ದನಿಯನ್ನು ಬೇರೆ ಮಾಡಿ ಕೇಳುವುದನ್ನು ಕಲಿತರು. ಕಲಿಸಿದ ಆ ಗದ್ದಲವೇ ಕಡೆಗೆ ಅವರ ಕಿವಿಯನ್ನು ತಿಂದುಹಾಕಿತು ಎಂಬುದು ನನಗೆ ತಿಳಿದದ್ದು ತೀರ ತಡವಾಗಿ.

ನಮ್ಮ ಕಡೆ ಗಾಡಿ ಕೆಟ್ಟರೆ ‘ಮೇಸ್ತ್ರಿಗೆ ತೋರಿಸಿಕೊಂಡು ಬಾ’ ಎಂದು ಯಾರೂ ಹೇಳುತ್ತಿರಲಿಲ್ಲ, ‘ಮೇಸ್ತ್ರಿಗೆ ಕೇಳಿಸಿಕೊಂಡು ಬಾ’ ಎನ್ನುತ್ತಿದ್ದರು. ಹಂಪಿಗೆ ಪ್ರವಾಸಿಗರನ್ನು ಒಯ್ಯುವ ಟ್ಯಾಕ್ಸಿಯವರು, ಕಂಪ್ಲಿಯ ಬತ್ತದ ಟ್ರ್ಯಾಕ್ಟರಿನವರು, ಡ್ಯಾಮಿನ ಕ್ವಾರ್ಟರ್ಸಿನ ನೌಕರರು, ಎಲ್ಲರೂ ಬಂದು ಇಂಜಿನ್ ಚಾಲೂ ಮಾಡಿ ಸುಮ್ಮನೆ ನಿಲ್ಲುತ್ತಿದ್ದರು. ಮೇಸ್ತ್ರಿ ಉದ್ದನೆಯ ಮರದ ಹಿಡಿಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಯ ಹಿಂದಿನ ಎಲುಬಿಗೆ ಇಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು. ಅಷ್ಟು ಹೊತ್ತು ಯಾರೂ ಮಾತಾಡುವ ಹಾಗಿರಲಿಲ್ಲ, ಕೆಮ್ಮಿದರೂ ಬೈಗುಳ ಬೀಳುತ್ತಿತ್ತು. ಆಮೇಲೆ ಕಣ್ಣು ತೆರೆದು ‘ಮೂರನೇ ಸಿಲಿಂಡರ್ ಸರಿ ಉರಿಯವಲ್ದು, ಪ್ಲಗ್ ಬಿಚ್ಚು’ ಎಂದರೆ ಅದು ಮೂರನೆಯದೇ ಆಗಿರುತ್ತಿತ್ತು.

ಅವರದು ಇನ್ನೊಂದು ಪದ್ಧತಿ ಇತ್ತು. ಟ್ಯೂನಿಂಗ್ ಮುಗಿದ ಗಾಡಿಯನ್ನು ಡ್ಯಾಮಿನ ಹತ್ತಿರದ ಹೆದ್ದಾರಿ ಸುರಂಗದೊಳಗೆ ಒಮ್ಮೆ ಓಡಿಸಲೇಬೇಕು, ಕಿಟಕಿಗಳನ್ನೆಲ್ಲ ಇಳಿಸಿ. ಬಯಲಿನಲ್ಲಿ ಹೊರಟ ದನಿ ಹೊರಟೇ ಹೋಗುತ್ತದೆ, ಸುರಂಗದಲ್ಲಿ ಗೋಡೆಗೆ ಬಡಿದು ತಿರುಗಿ ಕಿವಿಗೇ ಬರುತ್ತದೆ, ಸುಳ್ಳು ಹೇಳಲು ಬರುವುದಿಲ್ಲ ಎನ್ನುತ್ತಿದ್ದರು. ಸುರಂಗ ದಾಟಿದ ಮೇಲೆ ಅವರು ತಲೆಯಾಡಿಸಿದರೆ ಗಾಡಿ ನಮ್ಮದು, ಇಲ್ಲವಾದರೆ ವಾಪಸ್ ಗ್ಯಾರೇಜಿಗೆ.

ನಾನು ಕಾರ್ಖಾನೆಯ ಇನ್‌ಸ್ಟ್ರುಮೆಂಟ್ ವಿಭಾಗದವನು. ಒತ್ತಡ, ಬಿಸಿ, ಹರಿವು ಎಲ್ಲವನ್ನೂ ಮುಳ್ಳು ತೋರಿಸಿದರೆ ಮಾತ್ರ ನಂಬುವುದು ನನ್ನ ಹೊಟ್ಟೆಪಾಡು. ಹಾಗಾಗಿ ಮೇಸ್ತ್ರಿಗೂ ನನಗೂ ಇಪ್ಪತ್ತು ವರ್ಷದಿಂದ ಒಂದೇ ಜಗಳ. ನಾನು ಗ್ಯಾರೇಜಿನ ಬಾಗಿಲಿಗೆ ಬರುತ್ತಲೇ ‘ಬಂತು ನೋಡ್ರಿ ಮೀಟರು’ ಎಂದು ಎಲ್ಲರೆದುರು ಸಾರುತ್ತಿದ್ದರು. ನಾನು ‘ನಿಮ್ಮ ಕಿವೀಗೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್ ಮಾಡಿಸ್ರಿ’ ಎನ್ನುತ್ತಿದ್ದೆ. ಅವರು ನಗುತ್ತಿದ್ದರು. ಈಗ ಅದನ್ನು ನೆನೆದರೆ ನನ್ನ ನಾಲಿಗೆಯನ್ನು ನಾನೇ ಕಡಿದುಕೊಳ್ಳಬೇಕೆನಿಸುತ್ತದೆ.

ಪೈಪಿನ ಹುಚ್ಚು ಹತ್ತಿದ್ದು ಒಂದು ಬೇಸಿಗೆಯಲ್ಲಿ. ಹೊಸಪೇಟೆಯ ಬೇಸಿಗೆಯಲ್ಲಿ ಬಾನೆಟ್ಟಿನ ಮೇಲೆ ರೊಟ್ಟಿ ಸುಡಬಹುದು. ಅದರ ಕೆಳಗಿನ ಬಿಸಿಯನ್ನು ಕೇಳುವುದೇ ಬೇಡ. ಇಂಜಿನ್ ಆ ಬಿಸಿ ಗಾಳಿಯನ್ನೇ ಎಳೆದುಕೊಂಡರೆ ಏದುಸಿರು ಬಿಡುತ್ತದೆ. ತಣ್ಣನೆಯ ಗಾಳಿ ದಟ್ಟವಾಗಿರುತ್ತದೆ, ಅದು ಹೋದಷ್ಟೂ ಪೆಟ್ರೋಲು ಚೆನ್ನಾಗಿ ಉರಿಯುತ್ತದೆ, ಎಳೆತ ಹೆಚ್ಚುತ್ತದೆ. ಅದಕ್ಕೆ ಕಂಪನಿಯೇ ಕೊಟ್ಟ ಗಾಳಿ ಫಿಲ್ಟರಿನ ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದು, ಅಗಲವಾದ ಅಲ್ಯೂಮಿನಿಯಂ ಪೈಪನ್ನು ಹೆಡ್‌ಲೈಟಿನ ಹಿಂದಿನಿಂದ ಕೆಳಗಿಳಿಸಿ, ತುದಿಗೆ ದೊಡ್ಡ ಫಿಲ್ಟರು ಕೂರಿಸಿ ಹೊರಗಿನ ಗಾಳಿಯನ್ನು ನೇರ ಒಳಗೆ ತರುವುದು. ಮೊಬೈಲಿನಲ್ಲಿ ಇದನ್ನೇ ತಿಂಗಳುಗಟ್ಟಲೆ ನೋಡಿದೆ. ನಲವತ್ತೈದರ ವಯಸ್ಸಿಗೆ ಶೋಭಿಸುವ ಆಸೆಯಲ್ಲ ಎಂದು ಗೊತ್ತಿತ್ತು. ತರಿಸಿದ ಕಿಟ್ಟಿನ ಡಬ್ಬ ಮನೆಗೆ ಬಂದ ದಿನ ಹೆಂಡತಿ ಪೈಪನ್ನು ಎತ್ತಿ ಹಿಡಿದು ಆ ತುದಿಯಿಂದ ಈ ತುದಿಗೆ ನೋಡಿ, ‘ತಣ್ಣನ ಗಾಳಿ ಮೊದ್ಲು ನಿಮ್ಮ ತಲೀಗೆ ಬೇಕಾಗೇತಿ’ ಎಂದಳು.

ಮೇಸ್ತ್ರಿ ಒಪ್ಪುವುದಿಲ್ಲವೆಂದು ನನಗೆ ಖಾತ್ರಿಯಿತ್ತು. ಹಿಂದೆ ಯಾರದೋ ಜೀಪಿನಲ್ಲಿ ಇಂಥದೇ ಪೈಪು ಕಂಡು ಅವರು ಆಡಿದ್ದ ಮಾತು ಇಡೀ ಚಿತ್ತವಾಡ್ಗಿಗೆ ಬಾಯಿಪಾಠವಾಗಿತ್ತು. ‘ಇದು ಸಂಡೂರು ಸೀಮಿ. ಇಲ್ಲಿ ಗಾಳಿ ಕುಡಿಯಂಗಿಲ್ಲಲೇ, ಜರಡಿ ಹಿಡಿಬೇಕು’ ಎಂದು ಜೀಪಿನವನನ್ನು ಓಡಿಸಿದ್ದರು. ಧೂಳಿನ ವಿಷಯದಲ್ಲಿ ಅವರೊಡನೆ ವಾದಿಸುವಂತೆಯೂ ಇರಲಿಲ್ಲ. ಫಿಲ್ಟರನ್ನು ಹೊರತೆಗೆದು ನೆಲಕ್ಕೆ ಎರಡು ಸಲ ತಟ್ಟಿ, ಉದುರಿದ್ದನ್ನು ಬೆರಳಲ್ಲಿ ಉಜ್ಜಿ, ಗಾಡಿ ಎಲ್ಲೆಲ್ಲಿ ತಿರುಗಿದೆ ಎಂದು ಹೇಳುವವರು ಅವರು. ಕುಂಕುಮದಂಥ ಪುಡಿಯಾದರೆ ಸಂಡೂರು, ಕಪ್ಪಾದರೆ ಕಾರ್ಖಾನೆಗಳ ರಸ್ತೆ, ಹೊಟ್ಟಿನ ಚೂರಿದ್ದರೆ ಕಂಪ್ಲಿ. ಹೆಂಡತಿಗೆ ಸುಳ್ಳು ಹೇಳಿ ಎಲ್ಲಿಗಾದರೂ ಹೋದವರು ಫಿಲ್ಟರು ಬಿಚ್ಚಿಸಲು ಹೆದರುತ್ತಿದ್ದರು.

ನಾನು ವಾದಕ್ಕೆ ಸಜ್ಜಾಗಿಯೇ ಹೋದೆ. ತಣ್ಣನೆಯ ಗಾಳಿಯ ಲಾಭ, ಹೊಸ ಫಿಲ್ಟರಿನ ಹತ್ತಿಯ ಪದರು, ತೊಳೆದು ಎಣ್ಣೆ ಹಚ್ಚುವ ಕ್ರಮ, ಎಲ್ಲವನ್ನೂ ಅವರ ಮುಖಕ್ಕೆ ಮುಖ ಕೊಟ್ಟು ವಿವರಿಸಿದೆ. ಮೇಸ್ತ್ರಿ ಪೈಪನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತ ಒಂದೇ ಪ್ರಶ್ನೆ ಕೇಳಿದರು.

‘ಸೌಂಡ್ ಭಾಳ ಬರ್ತೈತಂತಲ್ಲ ಇದಕ್ಕ?’

ನಾನು ತಪ್ಪು ಮಾಡಿದವನ ಹಾಗೆ ‘ಸ್ವಲ್ಪ ಗುರ್‌ ಅಂತೈತ್ರಿ, ಅದೊಂದು ಸಹಿಸ್ಕೋಬೇಕು’ ಎಂದೆ.

‘ಅನ್ಲಿ ಬಿಡು. ನಾಳೆ ಜಲ್ದಿ ತಂದು ಬಿಡು, ಹಾಕೋಣು.’

ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನು ಗೆದ್ದಿದ್ದೆ. ಮೀಟರಿನ ಮಾತಿಗೆ ಕಿವಿ ಸೋತಿತು ಎಂದು ಮನೆಯವರೆಗೂ ಎದೆಯುಬ್ಬಿಸಿಕೊಂಡು ಹೋದೆ.

ಮರುದಿನ ಬೆಳಗಿನಿಂದ ಕೆಲಸ. ಕಂಪನಿಯ ಡಬ್ಬಿ ಬಿಚ್ಚಿದಾಗ ಒಳಗೆ ಕೆಂಪು ಧೂಳು ಗಟ್ಟಿಯಾಗಿ ಕೂತಿತ್ತು. ಹೆಡ್‌ಲೈಟು ತೆಗೆದು, ತಗಡಿಗೆ ತೂತು ಕೊರೆದು, ಪೈಪಿಗೆ ಆಸರೆಯ ಪಟ್ಟಿ ಕೂರಿಸಿದೆವು. ಪೈಪಿನ ಎರಡೂ ತುದಿಗೆ ರಬ್ಬರಿನ ತೋಳು, ತೋಳಿನ ಮೇಲೆ ಉಕ್ಕಿನ ಬಿಗಿಪಟ್ಟಿ. ಗಾಳಿಯ ಲೆಕ್ಕವಿಡುವ ಸೆನ್ಸರನ್ನು ಹಳೆಯದರಿಂದ ಬಿಚ್ಚಿ ಹೊಸ ಪೈಪಿಗೆ ಹಾಕಿದೆವು. ಕಿಟ್ಟಿನ ಜೊತೆ ಬಂದಿದ್ದ ಪುಟ್ಟ ಟ್ಯೂನಿಂಗ್ ಡಬ್ಬಿಯನ್ನು ನಾನೇ ವೈರು ಸೇರಿಸಿ ಕೂರಿಸಿದೆ. ಅದರ ಮೂರು ತಿರುಗಣೆಗಳಿಂದ ಪೆಟ್ರೋಲನ್ನು ಹೆಚ್ಚುಕಡಿಮೆ ಮಾಡಬಹುದು. ಮೇಸ್ತ್ರಿಯ ಕೈ ಎಂದಿನಂತೆ ಅಚ್ಚುಕಟ್ಟಾಗಿತ್ತು.

ಆ ದಿನ ಕಂಡ ಒಂದೆರಡು ಸಂಗತಿಗಳನ್ನು ನಾನು ಕಂಡೂ ಕಾಣದಂತೆ ಬಿಟ್ಟೆ. ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಚಹಾ ತಂದಾಗ ಹಿಂದಿನಿಂದ ಕರೆಯದೆ ಸುತ್ತು ಹಾಕಿ ಬಂದು ಗಂಡನ ಮುಖದೆದುರು ನಿಂತು ಮಾತಾಡಿದರು. ಬಾಗಿಲಲ್ಲಿ ಲಾರಿಯವನು ಹಾರ್ನ್ ಹೊಡೆದಾಗ ಮೇಸ್ತ್ರಿ ತಲೆಯೆತ್ತಲಿಲ್ಲ. ಟ್ಯೂನ್ ಮಾಡುವಾಗ ಸ್ಕ್ರೂಡ್ರೈವರಿನ ಹಿಡಿಯನ್ನು ಎಲುಬಿಗೆ ಇಟ್ಟುಕೊಳ್ಳುವ ಬದಲು ಹಲ್ಲಿನಲ್ಲಿ ಕಚ್ಚಿ ಹಿಡಿದರು. ನಾನು ಅದನ್ನು ಹೊಸ ವರಸೆ ಎಂದುಕೊಂಡೆ. ಕೆಲವು ತಿಂಗಳಿಂದ ಅವರು ಫೋನ್ ಎತ್ತುತ್ತಿರಲಿಲ್ಲ, ಕೇಳಿದರೆ ‘ಫೋನ್ ಕೆಟ್ಟೇತಿ’ ಎನ್ನುತ್ತಿದ್ದರು. ವಯಸ್ಸಾದಂತೆ ಮೇಸ್ತ್ರಿಗೆ ಸೊಕ್ಕು ಬಂದಿದೆ ಎಂದು ನಾನು ನಿರ್ಧರಿಸಿಬಿಟ್ಟಿದ್ದೆ.

ಮಧ್ಯಾಹ್ನ ಊಟವಾದ ಮೇಲೆ ಸುರಂಗಕ್ಕೆ ಹೋದೆವು. ನಾನು ಓಡಿಸುತ್ತಿದ್ದೆ, ಮೇಸ್ತ್ರಿ ಪಕ್ಕದಲ್ಲಿ. ಡ್ಯಾಮಿನ ತಿರುವು ದಾಟಿ ಕಿಟಕಿಗಳನ್ನು ಇಳಿಸಿದೆ. ಸುರಂಗದ ಬಾಯಲ್ಲಿ ಎರಡನೇ ಗೇರಿಗೆ ಇಳಿಸಿ ಒತ್ತಿದಾಗ ಆ ಪೈಪು ಗಾಳಿಯನ್ನು ಹೀರುತ್ತ ಎಬ್ಬಿಸಿದ ಗರ್ಜನೆ ಗೋಡೆಗೆ ಬಡಿದು ನಮ್ಮ ಮೇಲೇ ಬಿದ್ದಿತು. ಎದೆಯೊಳಗೆ ನಡುಗಿದಂತಾಯಿತು. ಮೇಸ್ತ್ರಿ ಒಮ್ಮೆಲೇ ನೆಟ್ಟಗೆ ಕೂತರು. ಅವರ ಕಣ್ಣಲ್ಲಿ ನೀರಿತ್ತು, ಧೂಳು ಬಿದ್ದಿರಬೇಕು ಎಂದುಕೊಂಡೆ.

‘ಕೇಳ್ತೈತಲೇ! ಭಾಳ ಛಲೋ ಕೇಳ್ತೈತಿ!’ ಎಂದರು. ‘ಇನ್ನೊಮ್ಮೆ ಹೋಗೂಣು.’

ಯಾವ ಗಾಡಿಯನ್ನೂ ಅವರು ಸುರಂಗದಲ್ಲಿ ಎರಡು ಸಲ ಓಡಿಸಿದವರಲ್ಲ. ಆ ದಿನ ನಾವು ನಾಲ್ಕು ಸಲ ಹೋಗಿ ಬಂದೆವು. ನನ್ನ ಆಯ್ಕೆಯನ್ನು ಅವರು ಮೆಚ್ಚಿದರು ಎಂಬ ಹಿಗ್ಗಿನಲ್ಲಿ ನನಗೆ ಬೇರೇನೂ ಕಾಣಲಿಲ್ಲ.

ಎರಡು ವಾರ ಕಾರು ಹೂವಿನಂತೆ ಓಡಿತು. ಆಮೇಲೆ ಒಂದು ಭಾನುವಾರ ಬಂಡ್ರಿಯಲ್ಲಿದ್ದ ನೆಂಟರ ಮನೆಗೆ ಹೋಗಿ ಬಂದೆ. ಹೋಗುವಾಗ ಘಾಟಿಯ ಏರಿನಲ್ಲಿ ಅದಿರಿನ ಲಾರಿಗಳ ಹಿಂದೆ ಬಿಸಿಲಲ್ಲಿ ಕುದಿಯುತ್ತ ಹೋಗಿದ್ದೆ. ತಿರುಗಿ ಬಂದಾಗ, ಗಾಡಿ ನಿಲ್ಲಿಸಿದಲ್ಲಿ ಇಂಜಿನ್ ಒಂದೇ ಸಮ ಓಡದೆ ಏರುವುದು, ಇಳಿಯುವುದು, ಸಾಯುವ ಹಾಗೆ ಮಾಡಿ ಮತ್ತೆ ಏಳುವುದು. ಜೊತೆಗೆ ಬಾನೆಟ್ಟಿನೊಳಗಿಂದ ಸಣ್ಣಗೆ ಒಂದು ಸಿಳ್ಳೆ. ಕುಕ್ಕರು ಕೂಗುವ ಮುಂಚೆ ಎಳೆಯುವಂಥ ತೆಳ್ಳನೆಯ ಸಿಳ್ಳೆ.

ಮೇಸ್ತ್ರಿಯ ಬಳಿ ತೆಗೆದುಕೊಂಡು ಹೋದೆ. ಅವರು ಸ್ಕ್ರೂಡ್ರೈವರು ಕಚ್ಚಿ ಹಿಡಿದು ಬಹಳ ಹೊತ್ತು ನಿಂತು, ಟ್ಯೂನಿಂಗ್ ಡಬ್ಬಿಯ ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿ ‘ಆತು’ ಎಂದರು. ಆಗಿರಲಿಲ್ಲ. ಎರಡು ದಿನ ಬಿಟ್ಟು ಮತ್ತೆ ಹೋದೆ, ಮತ್ತೆ ತಿರುಗಣೆ. ‘ಎಲ್ಲ್ಯರ ಗಾಳಿ ಸೋರ್ತೈತೇನು ನೋಡ್ರಿ’ ಎಂದು ಹೇಳಿದರೆ ‘ಇಲ್ಲ ಇಲ್ಲ, ನಾನ ಬಿಗಿದೀನಿ’ ಎಂದು ಮುಖ ತಿರುಗಿಸಿದರು. ನನಗೆ ಒಳಗೊಳಗೇ ಸಿಟ್ಟು ಕುದಿಯತೊಡಗಿತು. ಈ ಪೈಪು ಇವರಿಗೆ ಮೊದಲಿನಿಂದಲೂ ಬೇಡವಾಗಿತ್ತು, ಬೇಕೆಂದೇ ಹೀಗೆ ಸತಾಯಿಸುತ್ತಿದ್ದಾರೆ, ನಾನೇ ಬೇಸತ್ತು ಕಿತ್ತೆಸೆಯಲಿ ಎಂದು ಕಾಯುತ್ತಿದ್ದಾರೆ. ಹೀಗೆಲ್ಲ ಯೋಚಿಸಿದೆ. ಒಬ್ಬ ಮನುಷ್ಯನಿಗೆ ಕೇಳುತ್ತಿಲ್ಲ ಎಂಬ ಸರಳ ಕಾರಣ ನನ್ನ ತಲೆಗೆ ಹೊಳೆಯಲೇ ಇಲ್ಲ.

ಮೂರನೆಯ ಸಲ ಹೋದದ್ದು ಶನಿವಾರ, ಹನ್ನೊಂದು ಗಂಟೆಗೆ. ಗ್ಯಾರೇಜಿನಲ್ಲಿ ಆಗಲೇ ನಾಲ್ಕು ಜನ ಸರದಿ ಕಾಯುತ್ತಿದ್ದರು. ಅವರಲ್ಲಿ ಒಬ್ಬರು ನಾಲ್ಕಾರು ಲಾರಿಗಳ ಮಾಲೀಕರು, ಊರಿನ ಸುದ್ದಿಯನ್ನೆಲ್ಲ ಹೊತ್ತು ತಿರುಗುವವರು. ನನ್ನ ಕಾರು ಚಾಲೂ ಇತ್ತು, ಸಿಳ್ಳೆ ಹೊಡೆಯುತ್ತಿತ್ತು. ಮೇಸ್ತ್ರಿ ಎಂದಿನಂತೆ ತಿರುಗಣೆಗೆ ಕೈ ಹಾಕಿದರು. ಲಾರಿ ಮಾಲೀಕರು ಕೂಡ ಸಿಳ್ಳೆ ಬರುವ ಕಡೆಗೆ ಕತ್ತು ತಿರುಗಿಸಿ ನೋಡುತ್ತಿದ್ದರು. ನೋಡದಿದ್ದವರು ಮೇಸ್ತ್ರಿಯೊಬ್ಬರೇ.

ನಾನು ಜೇಬಿನಿಂದ ಸ್ಕ್ಯಾನರು ತೆಗೆದು ಸ್ಟೇರಿಂಗಿನ ಕೆಳಗಿನ ಸಾಕೆಟ್ಟಿಗೆ ಚುಚ್ಚಿ, ಮೊಬೈಲಿನಲ್ಲಿ ಅಂಕಿಗಳನ್ನು ತೆರೆದೆ. ಲೆಕ್ಕಕ್ಕೆ ಸಿಗದ ಗಾಳಿ ಎಲ್ಲಿಂದಲೋ ನುಗ್ಗುತ್ತಿತ್ತು, ಅದನ್ನು ಸರಿದೂಗಿಸಲು ಕಾರಿನ ಕಂಪ್ಯೂಟರು ನೂರಕ್ಕೆ ಇಪ್ಪತ್ತು ಪಾಲಿಗಿಂತ ಹೆಚ್ಚು ಪೆಟ್ರೋಲು ಸುರಿಯುತ್ತಿತ್ತು. ಮೊಬೈಲನ್ನು ಮೇಸ್ತ್ರಿಯ ಮುಖಕ್ಕೆ ಹಿಡಿದೆ. ಕನ್ನಡಕವಿಲ್ಲದೆ ಅವರು ಕಣ್ಣು ಕಿರಿದು ಮಾಡಿದರು. ನಾನು ಅವರಿಗಷ್ಟೇ ಅಲ್ಲ, ನಿಂತಿದ್ದ ನಾಲ್ವರಿಗೂ ಕೇಳುವ ಹಾಗೆ ಗಂಟಲೆತ್ತಿದೆ.

‘ಇಷ್ಟು ಜೋರ್ ಸಿಳ್ಳೆ ಹೊಡಿಯಾಕ್ಹತ್ತೇತಿ, ರೋಡಿಗೆಲ್ಲ ಕೇಳ್ತೈತಿ. ನಿಮಗ ಕಿವಿ ಕೇಳಂಗಿಲ್ಲೇನ್ರಿ?’

ಅದು ಬೈಗುಳದ ಮಾತು. ಅಂಥ ಮಾತನ್ನು ನಾವು ದಿನಕ್ಕೆ ಹತ್ತು ಸಲ ಆಡುತ್ತೇವೆ, ಎದುರಿನವರು ತಿರುಗಿ ಬೈಯುತ್ತಾರೆ, ಅಲ್ಲಿಗೆ ಮುಗಿಯುತ್ತದೆ. ಮೇಸ್ತ್ರಿ ತಿರುಗಿ ಬೈಯಲಿಲ್ಲ. ನನ್ನ ತುಟಿಗಳನ್ನೇ ನೋಡುತ್ತಿದ್ದವರು ನಿಧಾನವಾಗಿ ಕಾರಿನ ಕಡೆ ತಿರುಗಿ, ಮತ್ತೆ ನನ್ನ ಕಡೆ ತಿರುಗಿ ಕೇಳಿದರು.

‘ಎಲ್ಲೈತಿ ಸಿಳ್ಳೆ?’

ಲಾರಿ ಮಾಲೀಕರು ತಮಾಷೆ ಎಂದುಕೊಂಡು ನಕ್ಕರು. ಉಳಿದವರು ನಗಲಿಲ್ಲ. ಚಹಾ ಹಿಡಿದು ಬಂದಿದ್ದ ಅಕ್ಕ ಬೇವಿನ ಮರದ ಬಳಿಯೇ ನಿಂತರು. ಸಿಳ್ಳೆ ಹೊಡೆಯುತ್ತಲೇ ಇತ್ತು. ಹಾರ್ನು, ಫೋನು, ಹಲ್ಲಲ್ಲಿ ಕಚ್ಚಿದ ಸ್ಕ್ರೂಡ್ರೈವರು, ಎಲ್ಲ ಒಟ್ಟಿಗೆ ನೆನಪಾದವು. ಆದರೆ ಮಾತು ಆಗಲೇ ಬಾಯಿ ದಾಟಿತ್ತು.

ಮೇಸ್ತ್ರಿ ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು. ‘ನೀನ ಹುಡುಕು’ ಎಂದರು.

ಹುಡುಕಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಇಂಜಿನ್ನಿನ ಬದಿಯ ರಬ್ಬರ್ ತೋಳು ಘಾಟಿಯ ಬಿಸಿಗೆ ಮೆತ್ತಗಾಗಿ ಬಿಗಿಪಟ್ಟಿಯ ಕೆಳಗೆ ಕೂದಲಷ್ಟು ಸರಿದಿತ್ತು. ಪಟ್ಟಿಯ ತಿರುಪನ್ನು ಒಂದೂವರೆ ಸುತ್ತು ತಿರುಗಿಸಿದೆ. ಸಿಳ್ಳೆ ನಿಂತಿತು, ಇಂಜಿನ್ ಒಂದೇ ಸಮನಾಯಿತು. ಸಿಳ್ಳೆ ನಿಂತಿತೆಂದು ಮೇಸ್ತ್ರಿಗೆ ಗೊತ್ತಾದದ್ದು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ. ಅವರು ಕೈ ಒರೆಸಿಕೊಂಡು ಒಳಗೆ ಹೋದರು, ಕಾಯುತ್ತಿದ್ದ ಗಾಡಿಗಳನ್ನು ಆ ದಿನ ಮುಟ್ಟಲಿಲ್ಲ.

ಸುದ್ದಿಗೆ ಕಾಲು ಬಂದವು. ಲಾರಿ ಮಾಲೀಕರು ಅದನ್ನು ಕೇಡು ಬಗೆದು ಹೇಳಿದರೆಂದು ನಾನು ಹೇಳಲಾರೆ, ಕಂಡದ್ದನ್ನು ಹೇಳಿದರು ಅಷ್ಟೆ. ‘ಮೇಸ್ತ್ರಿಗೆ ಕೇಳಿಸಿಕೊಂಡು ಬಾ’ ಎಂಬ ಮಾತನ್ನು ಜನ ಕಣ್ಣು ಹೊಡೆದು ಆಡತೊಡಗಿದರು. ಹಂಪಿಯ ಟ್ಯಾಕ್ಸಿಗಳು ಮೊದಲು ತಪ್ಪಿದವು, ಆಮೇಲೆ ಡ್ಯಾಮಿನವರು. ಕಂಪ್ಯೂಟರಿನಲ್ಲಿ ನೋಡುವ ಹೊಸ ವರ್ಕ್‌ಶಾಪುಗಳಿಗೆ ಊರಿನಲ್ಲಿ ಬರವಿರಲಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಗ್ಯಾರೇಜಿನ ಬಾಗಿಲು ಅರ್ಧ ಎಳೆದಿರುತ್ತಿತ್ತು, ಆಮೇಲೆ ಪೂರ್ತಿ.

ನಾನು ಹೇಡಿಯಂತೆ ಆ ರಸ್ತೆಯನ್ನೇ ಬಿಟ್ಟೆ. ಕಾರ್ಖಾನೆಗೆ ಸುತ್ತು ಹಾದಿ ಹಿಡಿದು ಹೋಗುತ್ತಿದ್ದೆ. ಒಮ್ಮೆ ತರಕಾರಿ ಮಾರ್ಕೆಟ್ಟಿನಲ್ಲಿ ಅಕ್ಕ ಎದುರಾದರು. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಬೈಯಲಿ ಎಂದು ತಲೆ ತಗ್ಗಿಸಿ ನಿಂತೆ, ಅವರು ಬೈಯಲಿಲ್ಲ.

‘ಡಾಕ್ಟ್ರು ನರಾನ ಹೋಗ್ಯಾವ ಅಂದ್ರಪ್ಪ’ ಎಂದರು. ‘ಕಿವೀಗೆ ಮಿಷನ್ ಹಾಕಿಸಿದ್ವಿ. ಪಾತ್ರಿ ಬಿದ್ದಂಗ ಸಪ್ಪಳ ಆಗ್ತೈತಿ ಅಂತ ತಗದಿಟ್ಟಾರ. ಎರಡು ವರ್ಷದಿಂದ ಅವ್ರು ಕೈಯಾಗ ಕೇಳ್ತಿದ್ರು. ಇಂಜಿನ್ ಮ್ಯಾಲ ಕೈ ಇಟ್ಟು. ಒಂದ್ ಗಾಡಿ ವಾಪಸ್ ಬಂದಿರ್ಲಿಲ್ಲ ನೋಡು.’

ವಾಪಸ್ ಬಂದದ್ದು ನನ್ನದೊಂದೇ. ಇಂಜಿನ್ನಿನ ಗುಡುಗು ಕೈಗೆ ಸಿಗುತ್ತದೆ, ಹಲ್ಲಿಗೆ ಸಿಗುತ್ತದೆ. ಗಾಳಿಯ ತೆಳ್ಳನೆಯ ಸಿಳ್ಳೆ ಕಿವಿಗಲ್ಲದೆ ಬೇರೆ ಯಾವುದಕ್ಕೂ ಸಿಗುವುದಿಲ್ಲ. ಅಂಥ ಸಿಳ್ಳೆಯನ್ನು ಅವರ ಬಾಗಿಲಿಗೆ ತಂದವನು ನಾನು. ಅವರು ಹೇಗೋ ಇನ್ನೂ ಐದಾರು ವರ್ಷ ಕೈಯಿಂದಲೇ ನಡೆಸಿಕೊಂಡು ಹೋಗುತ್ತಿದ್ದರು, ಯಾರಿಗೂ ತಿಳಿಯುತ್ತಿರಲಿಲ್ಲ.

ಮನೆಗೆ ಬಂದು ಅದೇ ವಾರ ಪೈಪನ್ನು ಬಿಚ್ಚಿದೆ. ಕಂಪನಿಯ ಹಳೆ ಡಬ್ಬಿಯನ್ನು ತೊಳೆದು ಒಣಗಿಸಿ ಮತ್ತೆ ಕೂರಿಸಿದೆ, ಟ್ಯೂನಿಂಗ್ ಡಬ್ಬಿಯ ವೈರುಗಳನ್ನು ಕಿತ್ತೆ. ಪೈಪು, ಫಿಲ್ಟರು, ಪಟ್ಟಿಗಳು, ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಕಂಪ್ಲಿಯಿಂದ ಕಾರ್ಖಾನೆಗೆ ಬರುವ ಸಹೋದ್ಯೋಗಿಯೊಬ್ಬರಿಗೆ ಸುಮ್ಮನೆ ಕೊಟ್ಟುಬಿಟ್ಟೆ. ಅವರ ತಮ್ಮ ಕಾರಿನ ಶೋಕಿಯವನು, ಖುಷಿಯಿಂದ ಒಯ್ದ. ನನ್ನ ಕಾರು ಮತ್ತೆ ಮೊದಲಿನಂತೆ ಮೆತ್ತಗಾಯಿತು. ಚಾಲೂ ಇದೆಯೋ ಇಲ್ಲವೋ ತಿಳಿಯದಷ್ಟು ಮೆತ್ತಗೆ. ಮೇಸ್ತ್ರಿ ಹೇಳಿದ್ದ ಹಾಗೆಯೇ ಮಾಡಿದ್ದೇನೆ, ಜರಡಿ ಹಿಡಿದಿದ್ದೇನೆ, ಇದನ್ನು ತೋರಿಸಿ ಕ್ಷಮೆ ಕೇಳಬೇಕು ಎಂದು ಲೆಕ್ಕ ಹಾಕಿದೆ. ಧೈರ್ಯ ಬರಲು ಇನ್ನೂ ಎರಡು ತಿಂಗಳು ಹಿಡಿಯಿತು.

ಒಂದು ಭಾನುವಾರ ಬೆಳಗ್ಗೆ ಹೋದೆ. ಅವರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಗಡ್ಡ ಬಿಟ್ಟಿದ್ದರು. ಕೈಬೆರಳುಗಳು ಸ್ವಚ್ಛವಾಗಿದ್ದವು, ಉಗುರಿನ ಸಂದಿಯಲ್ಲಿ ಗ್ರೀಸಿರಲಿಲ್ಲ. ಅವರು ನನ್ನನ್ನು ಕಂಡು ‘ಬಂತು ನೋಡ್ರಿ ಮೀಟರು’ ಎಂದರು. ಕೇಳಿಸಿಕೊಳ್ಳಲು ಅಲ್ಲಿ ಬೇರೆ ಯಾರೂ ಇರಲಿಲ್ಲ. ದನಿ ಬಹಳ ಜೋರಾಗಿತ್ತು, ತಮ್ಮ ದನಿ ಎಷ್ಟಿದೆ ಎಂದು ಅವರಿಗೆ ತಿಳಿಯುತ್ತಿರಲಿಲ್ಲ.

ನಾನು ಕ್ಷಮೆಯ ಮಾತನ್ನು ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಅವರು ಕನ್ನಡಕ ಹಾಕಿಕೊಂಡು ಓದಿ, ಮಡಿಚಿ ಜೇಬಿಗಿಟ್ಟುಕೊಂಡು, ‘ಬಿಡಲೇ, ನೀ ಅನ್ನದಿದ್ರ ಮತ್ತೊಬ್ಬ ಅಂತಿದ್ದ’ ಎಂದರು. ಆಮೇಲೆ ಎದ್ದು ಕಾರಿನ ಬಳಿ ಬಂದರು. ‘ಬಾನೆಟ್ ತಗಿ.’

ತೆಗೆದೆ. ಅವರು ಹಳೆ ಡಬ್ಬಿಯ ಮೇಲೆ ಬೆರಳಾಡಿಸಿದರು. ಆಮೇಲೆ ಅದರ ಮುಚ್ಚಳ ಬಿಚ್ಚಿ ಫಿಲ್ಟರನ್ನು ಹೊರತೆಗೆದು ನೆಲಕ್ಕೆ ಎರಡು ಸಲ ತಟ್ಟಿದರು. ಉದುರಿದ್ದನ್ನು ಬೆರಳಲ್ಲಿ ಉಜ್ಜಿ, ‘ಸಂಡೂರಿಗೆ ಹೋಗಿದ್ದಿ. ಮಳಿ ಬರೋದಕ್ಕ ಮುಂಚೆ’ ಎಂದರು. ಸರಿಯಾಗಿತ್ತು, ಪೈಪು ಹಾಕಿಸುವ ಮುಂಚಿನ ಹಳೆ ಫಿಲ್ಟರೇ ಅದು. ನನಗೆ ಸ್ವಲ್ಪ ಜೀವ ಬಂದಂತಾಯಿತು. ಫಿಲ್ಟರನ್ನು ಮತ್ತೆ ಕೂರಿಸಿ, ಕ್ಲಿಪ್ಪುಗಳನ್ನು ಒತ್ತಿ, ಎರಡು ಹೆಜ್ಜೆ ಹಿಂದೆ ಸರಿದು ನಿಂತು ‘ಚಾಲೂ ಮಾಡು’ ಎಂದರು.

ನಾನು ಕೂತು ಕೀಲಿ ತಿರುಗಿಸಿದೆ. ಇಂಜಿನ್ ಎದ್ದು ಮೆಲ್ಲಗೆ ಓಡತೊಡಗಿತು. ಗಾಜಿನ ಆಚೆ, ಎತ್ತಿದ ಬಾನೆಟ್ಟಿನ ಪಕ್ಕದಲ್ಲಿ ಮೇಸ್ತ್ರಿ ಕಣ್ಣು ಮುಚ್ಚಿ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತಿದ್ದರು, ಇಪ್ಪತ್ತು ವರ್ಷದಿಂದ ನಾನು ನೋಡಿದ ಹಾಗೆಯೇ. ಸ್ವಲ್ಪ ಹೊತ್ತಾಯಿತು. ಅವರು ಕಣ್ಣು ತೆರೆದರು.

‘ಚಾಲೂ ಮಾಡಲೇ, ಯಾಕ ಕುಂತಿ?’

ಕೆಳಗಿಳಿದು ಬಂದು ಅವರ ಕೈ ಹಿಡಿದು ಇಂಜಿನ್ನಿನ ಮೇಲೆ ಇಟ್ಟೆ. ನಡುಕ ತಾಗಿದಾಗ ಅವರಿಗೆ ತಿಳಿಯಿತು. ಕೈಯನ್ನು ಅಲ್ಲೇ ಬಿಟ್ಟರು. ಮುಖದಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇದ್ದಂತೆ ಕಾಣಲಿಲ್ಲ, ಬಹಳ ದಣಿದವರ ಹಾಗೆ ಕಂಡರು.

‘ಆ ಪೈಪ್ ಎಲ್ಲೈತಿ?’ ಎಂದು ಕೇಳಿದರು.

ಬಿಚ್ಚಿದೆ ಎಂದು ಕೈಸನ್ನೆ ಮಾಡಿ, ಡಬ್ಬಿಯನ್ನು ತೋರಿಸಿ, ನೀವು ಹೇಳಿದ್ದೇ ಸರಿ ಎಂಬಂತೆ ತಲೆಯಾಡಿಸಿದೆ. ಅವರು ಮೆಚ್ಚುತ್ತಾರೆ ಎಂದು ಆ ಗಳಿಗೆಯವರೆಗೂ ನಂಬಿದ್ದೆ.

‘ಯಾಕ ಬಿಚ್ಚಿದಿ?’ ಎಂದರು ಮೇಸ್ತ್ರಿ. ಸುರಂಗದ ದಿಕ್ಕಿಗೆ ಗದ್ದ ಎತ್ತಿ ತೋರಿಸಿದರು. ‘ಅದೊಂದ ಕೇಳ್ತಿತ್ತು ನನಗ. ಆವತ್ತು ನಾಕ್ ಸಲ ಹೋದ್ವಲ್ಲ. ಎರಡು ವರ್ಷಕ್ಕ ಅದೊಂದ ಇಂಜಿನ್ ನಾ ಕೇಳಿದ್ದು. ಅದಕ್ಕ ಹಾಕೋಣು ಅಂದಿದ್ದೆ.’

ನನ್ನ ಮಾತಿಗೆ ಸೋತು ಅವರು ಒಪ್ಪಿದರೆಂದು ನಾನು ಎದೆಯುಬ್ಬಿಸಿದ್ದೆ. ಅವರ ಮನಸ್ಸಿಗೆ ಬೇಡವಾದ ವಸ್ತು ಎಂದು ಸಿಟ್ಟಾಗಿದ್ದೆ. ಪಶ್ಚಾತ್ತಾಪ ಎಂದು ಅದನ್ನೇ ಕಿತ್ತು ಯಾರಿಗೋ ಕೊಟ್ಟಿದ್ದೆ. ಮೂರೂ ಸಲ ನಾನು ಕೇಳಿಸಿಕೊಂಡಿರಲಿಲ್ಲ, ಎರಡೂ ಕಿವಿ ನೆಟ್ಟಗಿದ್ದವನು.

ಅವರು ಇನ್ನೂ ಕೈ ತೆಗೆದಿರಲಿಲ್ಲ. ‘ತಂದು ಹಾಕು’ ಎಂದರು. ‘ಈ ಸಲ ಬಿಗಿಪಟ್ಟಿ ನೀನ ಬಿಗಿ. ಸಿಳ್ಳೆ ನೀ ಕೇಳು. ನಾನು ಪಕ್ಕದಾಗ ಕುಂದರ್ತೀನಿ, ಒಮ್ಮೆ ಹೋಗಿ ಬರೂಣು.’

ಹೂಂ ಎಂದು ತಲೆಯಾಡಿಸಿದೆ. ಅಲ್ಲಿಂದ ನೇರ ಕಂಪ್ಲಿಗೆ ಹೋದೆ. ಸಹೋದ್ಯೋಗಿಯ ತಮ್ಮ ಅದನ್ನು ತನ್ನ ಕಾರಿಗೆ ಹೊಂದಿಸಲು ನಡುವಿಗೆ ಕತ್ತರಿಸಿ, ಹೊಂದದೆ ಗುಜರಿಗೆ ಹಾಕಿ ಒಂದು ತಿಂಗಳಾಗಿತ್ತು. ಬೇರೊಂದು ತರಿಸುತ್ತೇನೆ ಎಂದು ಬರೆದುಕೊಂಡು ಹೋಗಿ ಮೇಸ್ತ್ರಿಗೆ ತೋರಿಸಿದೆ. ತರಿಸಿದೆ ಕೂಡ. ಅದು ಬಂದಾಗ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಿಟಕಿ ಇಳಿಸಿ, ಎರಡನೇ ಗೇರಿನಲ್ಲಿ ಒತ್ತಿ ಸುರಂಗದೊಳಗೆ ನುಗ್ಗಿದೆ. ಗೋಡೆಗಳೆಲ್ಲ ಗುಡುಗಿದವು. ಆಚೆಯ ಬೆಳಕಿಗೆ ಬಂದು ಅವರ ಮುಖ ನೋಡಿದೆ. ಮೇಸ್ತ್ರಿ ಇಂಜಿನ್ ಕೇಳಲೆಂದು ಮನೆ ಬಿಟ್ಟಾಗಿನಿಂದ ಮುಚ್ಚಿದ ಕಣ್ಣನ್ನು ಇನ್ನೂ ತೆರೆಯದೆ ನೆಟ್ಟಗೆ ಕೂತಿದ್ದರು.

‘ಸುರಂಗ ಬಂದ್ರ ಹೇಳು’ ಎಂದರು. ‘ಕಿಟಕಿ ಇಳಿಸೂಣು.’

ಕಿಟಕಿ ಆಗಲೇ ಇಳಿದಿತ್ತು. ಗಾಡಿಯನ್ನು ತಿರುಗಿಸಿಕೊಂಡು ಮನೆಗೆ ಬಿಟ್ಟು ಬಂದೆ.